ನನ್ನ ಗಾಜಿನ ಮೇಲೆ ಹಾರಿದ ಗಾಳಿಪಟ

ನಾನೊಂದು ಮೊಬೈಲ್ ಫೋನು. ಹೆದ್ದಾರಿ ಪಕ್ಕದ ದೊಡ್ಡ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ನೀಲಿ ಟೋಪಿ ಹಾಕಿದ ಹುಡುಗಿಯೊಬ್ಬಳು ನನಗೆ ಗಾಜು ಕೂರಿಸಿ, ಕೆಂಪು, ಹಸಿರು, ಬಿಳಿ ಬಣ್ಣಗಳು ಸರಿಯಾಗಿ ಬರುತ್ತವೆಯೇ ಎಂದು ನೋಡಿದಳು. ನಾನು ಮೊದಲು ಕಂಡ ಮುಖ ಅವಳದು. ಅರ್ಧ ನಿಮಿಷವೂ ಆಗಿರಲಿಲ್ಲ, ನನ್ನನ್ನು ಡಬ್ಬಿಗೆ ಹಾಕಿ ಮುಚ್ಚಿದರು.

ನನ್ನನ್ನು ಮೊದಲು ಕೊಂಡವನು ಔಷಧಿ ಕಂಪನಿಯ ಒಬ್ಬ ಪ್ರತಿನಿಧಿ. ಎರಡು ವರ್ಷ ಅವನ ಅಂಗಿ ಜೇಬಿನಲ್ಲಿದ್ದೆ. ಹೊಸ ಫೋನಿನ ಆಸೆಗೆ ಅವನು ನನ್ನನ್ನು ಬಳ್ಳಾರಿಯ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಬಿಟ್ಟು ಹೋದ. ಹೋಗುವಾಗ ತಿರುಗಿಯೂ ನೋಡಲಿಲ್ಲ. ಅಲ್ಲಿಂದ ನನ್ನನ್ನು ಮನೆಗೆ ತಂದವಳು ಹುಲಿಗೆಮ್ಮ.

ಹುಲಿಗೆಮ್ಮನಿಗೆ ಮೂವತ್ತೈದರ ಸುಮಾರು ವಯಸ್ಸು. ಹೊಲಿದ ಜೀನ್ಸ್ ಪ್ಯಾಂಟುಗಳ ಗಂಟು ಬೆಳಿಗ್ಗೆ ಆಟೋದಲ್ಲಿ ಅವಳ ಮನೆಗೆ ಬರುತ್ತಿತ್ತು. ಓಣಿಯ ಆರು ಹೆಂಗಸರು ಪಡಸಾಲೆಯಲ್ಲಿ ಕುಳಿತು ಅವುಗಳ ದಾರ ಕತ್ತರಿಸಿ, ಗುಂಡಿ ಹಾಕುತ್ತಿದ್ದರು. ಯಾವುದಾದರೂ ಪ್ಯಾಂಟು ಸರಿಯಿಲ್ಲವೆಂದು ವಾಪಸ್ ಬಂದರೆ ಹುಲಿಗೆಮ್ಮ ಅದು ಯಾರ ಕೆಲಸವೆಂದು ಹೇಳುತ್ತಿರಲಿಲ್ಲ, ತಾನೇ ಕುಳಿತು ಸರಿಮಾಡುತ್ತಿದ್ದಳು. ಆ ಆರು ಜನ ಅವಳನ್ನು ನಂಬಿದ್ದು ಅದಕ್ಕೆ.

ಒಂದು ದಿನ ತೇಜಸ್ ಎಂಬವನು ಫೋನ್ ಮಾಡಿದ. ಗಾಳಿಪಟದ ಆಟವೊಂದನ್ನು ನಡೆಸುವ ಕಂಪನಿಯವನು. ದುಡ್ಡು ಕಟ್ಟಿದರೆ ಪರದೆಯಲ್ಲಿ ಗಾಳಿಪಟ ಏರುತ್ತದೆ. ಅದು ಮೇಲೆ ಹೋದಷ್ಟೂ ಗೆಲುವು ದೊಡ್ಡದು. ದಾರ ತುಂಡಾಗುವ ಮೊದಲು ಗುಂಡಿ ಒತ್ತಬೇಕು, ಇಲ್ಲದಿದ್ದರೆ ಕಟ್ಟಿದ್ದೆಲ್ಲ ಹೋಯಿತು.

"ನಿಮ್ಮಂಥೋರಿಗೆ ಅಫಿಲಿಯೇಟ್ ಅಂತಾರೆ ಅಕ್ಕ," ಎಂದ ತೇಜಸ್. "ನೀವು ಜನ ಸೇರಿಸ್ತೀರಿ, ಅದಕ್ಕೆ ನಿಮಗೆ ಕಮಿಷನ್. ಆಪರೇಟರ್ ನಾವು, ಆಟ ನಡೆಸ್ತೀವಿ. ಆಟ ತಯಾರು ಮಾಡಿಕೊಡೋ ಸಾಫ್ಟ್‌ವೇರ್‌ನೋರು ಇನ್ನೊಬ್ರು. ಮೂರೂ ಜನ ಒಂದೇ ಮನೆಯೋರು ಇದ್ದಂಗೆ. ನಂಬಿಕೆ ಮೇಲೇ ನಡೆಯೋದು."

"ನಂಗ್ಯಾಕಪ್ಪ ಕಮಿಷನ್ ಕೊಡ್ತೀರಿ?"

"ಜಾಹೀರಾತಿಗೆ ಅಂತ ಇಟ್ಟಿರ್ತೀವಲ್ಲ ಅಕ್ಕ, ಅದರಲ್ಲಿ."

ಅವನೇ ಅವಳಿಗೊಂದು ಐಡಿ ಮಾಡಿ ಕಳಿಸಿದ. ಮಧ್ಯಾಹ್ನ ಊಟವಾದ ಮೇಲೆ ಹುಲಿಗೆಮ್ಮ ನನ್ನನ್ನು ಗುಂಡಿಯ ಡಬ್ಬಕ್ಕೆ ಒರಗಿಸಿ ಆಡತೊಡಗಿದಳು. ಗಾಳಿಪಟ ಏರಿತು, ಏರುತ್ತಲೇ ಇತ್ತು. ಹತ್ತರಲ್ಲಿ ಎಂಟು ಸಲ ಗೆದ್ದಳು.

"ಏ ಹುಲಿಗೆವ್ವ, ನಿನ್ ಕೈಗೆ ಏನ್ ಹಚ್ಕಂಡೀಯ?" ಎಂದಳು ಈರಮ್ಮ. ಆರು ಜನರಲ್ಲಿ ಹಿರಿಯಳು ಅವಳೇ.

"ನಿನ್ ಬಾಯಾಗಿನ ಎಲಿಅಡಿಕಿ ರಸ," ಎಂದು ಹುಲಿಗೆಮ್ಮ ನಕ್ಕಳು.

ಆಮೇಲೆ ಆರೂ ಜನಕ್ಕೆ ಆಟದ ಲಿಂಕ್ ಕಳಿಸಿದಳು. ಸೇರುವಾಗ ಒಬ್ಬಳೂ ಆ ಆಪಿನ ಹೆಸರು ಓದಲಿಲ್ಲ. ಹುಲಿಗೆಮ್ಮ ಕಳಿಸಿದ್ದಾಳೆ ಎಂದು ಒತ್ತಿದರು.

ಎಲ್ಲರಿಗಿಂತ ಹೆಚ್ಚು ಆಡಿದವಳು ಶಂಷಾದ್. ಇನ್ನೂ ಇಪ್ಪತ್ತೆರಡರ ಹುಡುಗಿ. ದಾರ ಕತ್ತರಿಸುವುದು ಸಾಕು, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರ ತನ್ನದೇ ಒಂದು ಬೇಕು ಎಂದು ಮುಂಗಡಕ್ಕೆ ಕೂಡಿಡುತ್ತಿದ್ದಳು. ಅವಳು ಆಡುವಾಗ ತನ್ನ ಫೋನಿನ ಗಾಳಿಪಟ ನೋಡುತ್ತಿರಲಿಲ್ಲ. ನನ್ನ ಮೇಲೆ ಸುಳಿದಾಡುವ ಹುಲಿಗೆಮ್ಮನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅದು ಒತ್ತಿದಾಗ ತಾನೂ ಒತ್ತುವಳು. ಅಷ್ಟರಲ್ಲಿ ಅವಳ ದಾರ ತುಂಡಾಗಿರುತ್ತಿತ್ತು.

"ನನ್ ಫೋನ್ ಹಳೇದಕ್ಕಾ, ತಡ ಆಗ್ತೈತೆ," ಎನ್ನುವಳು. ಇನ್ನೊಂದು ದಿನ, "ನನ್ ಕೈ ನಿಧಾನ."

ನಾನು ನೋಡುತ್ತಿದ್ದೆ. ಅವಳ ಕೈ ನಿಧಾನವಾಗಿರಲಿಲ್ಲ. ನನ್ನ ಗಾಜಿನ ಮೇಲಿನ ಗಾಳಿಪಟವೇ ಬೇರೆ, ಅವಳದೇ ಬೇರೆ. ನಾನು ಏನು ಮಾಡಲಿ? ತೋರಿಸು ಎಂದದ್ದನ್ನು ತೋರಿಸುವುದಷ್ಟೇ ನನಗೆ ಗೊತ್ತು.

ಯಂತ್ರದ ಮುಂಗಡ ಪೂರ್ತಿ ಹೋದ ದಿನ ಶಂಷಾದ್ ಅಳಲಿಲ್ಲ. ಕತ್ತರಿ ಹಿಡಿದು ಕುಳಿತಳು, ಆದರೆ ಒಂದೇ ಪ್ಯಾಂಟನ್ನು ಮಧ್ಯಾಹ್ನದವರೆಗೆ ತಿರುವಿ ತಿರುವಿ ನೋಡುತ್ತಿದ್ದಳು. ಹುಲಿಗೆಮ್ಮ ಒಳಗೆ ಹೋಗಿ ತೇಜಸ್‌ಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ.

ಮೂರನೆಯ ದಿನ ಬೇರೊಂದು ನಂಬರಿನಿಂದ ಕರೆ ಬಂತು.

"ನಾನು ಪ್ರಣೀತ್ ಮೇಡಂ. ಆ ಆಟದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದು ನಮ್ಮ ಕಂಪನಿ. ತೇಜಸ್ ಕಡೆಯೋರು ನಮಗೆ ಕೊಡಬೇಕಾದ ದುಡ್ಡು ಕೊಡದೆ ಮೋಸ ಮಾಡಿದ್ದಾರೆ. ನಾಳೆಯಿಂದ ಆಟ ನಿಲ್ಲಿಸ್ತಿದ್ದೀವಿ."

"ನಮ್ ಹುಡುಗಿ ಎಲ್ಲಾ ಸೋತಾಳಪ್ಪ. ನಾನು ಗೆಲ್ತೀನಿ, ಅವಳು ಸೋಲ್ತಾಳ. ಅದೆಂಗೆ?"

"ನಿಮ್ಮದು ಶೋ ಐಡಿ ಮೇಡಂ. ಜನಕ್ಕೆ ತೋರಿಸೋಕೆ. ಅದು ಗೆಲ್ಲೋ ಹಾಗೇ ಇರುತ್ತೆ. ನಾವು ಪರದೆ ಮೇಲ್ಗಡೆ 'ತೋರಿಕೆಗೆ ಮಾತ್ರ' ಅಂತ ಬರೆದಿದ್ವಿ. ಅವರು ಅಳಿಸೋಕೆ ಹೇಳಿದ್ರು."

"ಅಳಿಸಿದೋರು ಯಾರು?"

"ನಾವೇ ಮೇಡಂ. ಆರ್ಡರ್ ಇತ್ತು."

"ಮತ್ತೆ ನಂಗೆ ಬರ್ತಿದ್ದ ಕಮಿಷನ್ನು?"

"ನಿಮ್ಮ ಲಿಂಕಲ್ಲಿ ಬಂದೋರು ಸೋತಿದ್ರಲ್ಲಿ ಪಾಲು. ಎಲ್ಲಾ ಕಡೆ ಅದೇ ಪದ್ಧತಿ. ನಿಮಗೆ ಹೇಳಿರಲಿಲ್ವಾ?" ಆಮೇಲೆ ಧ್ವನಿ ಮೆತ್ತಗಾಯಿತು. "ನಿಮ್ಮ ಮಾತು ಕೇಳೋ ಜನ ಇದ್ದಾರೆ ಮೇಡಂ, ಅದೇ ದೊಡ್ಡದು. ಹೊಸ ಆಪರೇಟರ್ ಸಿಕ್ಕಿದ್ದಾರೆ, ತುಂಬಾ ಒಳ್ಳೆಯವರು. ನಿಮ್ಮೋರನ್ನೆಲ್ಲ ಕರ್ಕೊಂಡು ಬನ್ನಿ. ಪಾಲು ಜಾಸ್ತಿ ಕೊಡಿಸ್ತೀನಿ."

ಹುಲಿಗೆಮ್ಮ ನನ್ನನ್ನು ಕಿವಿಯಿಂದ ತೆಗೆದು, ಯಾವುದೋ ಹುಳ ಕೈಗೆ ಅಂಟಿದಂತೆ ನೋಡಿದಳು. ಆದರೂ ಕರೆ ಕತ್ತರಿಸುವಾಗ ಅವಳ ಹೆಬ್ಬೆರಳು ಒಂದು ಕ್ಷಣ ತಡೆದು ನಿಂತಿತು. ಅದನ್ನು ಕಂಡವನು ನಾನೊಬ್ಬನೇ.

ಅವತ್ತು ಮಧ್ಯಾಹ್ನ ಅವಳು ಆರೂ ಜನರನ್ನು ಸುತ್ತ ಕೂರಿಸಿದಳು. ಶಂಷಾದಳ ಫೋನನ್ನು ನನ್ನ ಪಕ್ಕದಲ್ಲಿಟ್ಟು, ತನ್ನ ದುಡ್ಡಿನಿಂದ ಎರಡರಲ್ಲೂ ಅಷ್ಟಷ್ಟೇ ಕಟ್ಟಿದಳು.

"ಯಾರೂ ಒತ್ತಬ್ಯಾಡ್ರಿ. ಬರೀ ನೋಡ್ರಿ."

ಎರಡು ಗಾಳಿಪಟಗಳು ಒಟ್ಟಿಗೆ ಎದ್ದವು. ಶಂಷಾದಳದು ಬೆರಳುದ್ದ ಏರಿ ತುಂಡಾಯಿತು. ನನ್ನದು ಏರಿತು, ಇನ್ನೂ ಏರಿತು. ಹುಲಿಗೆಮ್ಮ ಮತ್ತೆ ಆಡಿಸಿದಳು. ಮೂರನೆಯ ಸಲವೂ ಹಾಗೇ ಆಯಿತು.

"ನನ್ ಕೈಗುಣ ಅಂದ್ಕಂಡಿದ್ವಲ್ಲ, ಅದು ಇದು," ಎಂದಳು ಹುಲಿಗೆಮ್ಮ. "ಅವರು ಇಟ್ಟುಕೊಟ್ಟಿದ್ದು. ನಂಗೆ ಗೊತ್ತಿರ್ಲಿಲ್ಲ, ದೇವ್ರಾಣೆ. ಕಮಿಷನ್ ಅಂತ ಬಂದಿದ್ದೂ ನೀವು ಸೋತಿದ್ರಾಗಿನ ಪಾಲಂತೆ."

"ಅಂದ್ರೆ ಈ ಹುಡುಗಿ ಸೋತಾಗೆಲ್ಲ ನಿಂಗೆ ಬಂತು ಅನ್ನು," ಎಂದಳು ಈರಮ್ಮ.

"ಬಂತು. ಉಳಿದಿದ್ದು ಕೊಡ್ತೀನಿ. ಉಳಿದಿದ್ದೇ ಕಮ್ಮಿ."

ಈರಮ್ಮ ಎದ್ದು ಸೆರಗು ಕೊಡವಿದಳು. "ಗೊತ್ತಿರ್ಲಿಲ್ಲ ಅಂತೀಯ, ಇರ್ಲಿ. ನಾನು ಕೇಳಿದಾಗ ಎಲಿಅಡಿಕಿ ಅಂತ ನಕ್ಕೆಲ್ಲ, ಅದಕ್ಕೇನಂತೀಯವ್ವ?"

ಒಬ್ಬೊಬ್ಬರಾಗಿ ಹೋದರು. ಕೊನೆಗೆ ಉಳಿದ ಶಂಷಾದ್ ತನ್ನ ಫೋನನ್ನು ಎತ್ತಿಕೊಂಡಳು.

"ಅಕ್ಕಾ, ನಿನ್ ಫೋನಾಗಿಂದ ನನ್ ನಂಬರ್ ತೆಗೆದುಬಿಡು."

"ಬೈಯೇ ನನ್ನ. ಎರಡು ಮಾತು ಬೈಯಿ."

"ಬೈಯಾಕಲ್ಲಕ್ಕಾ. ನಾಳೆ ನೀನು ಬಾ ಅಂದ್ರೆ ನಾನು ಬಂದೇ ಬಿಡ್ತೀನಿ. ಅದಕ್ಕೆ ತೆಗಿ ಅಂತೀನಿ."

ಹುಲಿಗೆಮ್ಮ ಅವಳೆದುರೇ ಆ ಹೆಸರನ್ನು ಅಳಿಸಿದಳು.

ವಾರದೊಳಗೆ ಜೀನ್ಸ್ ಗಂಟು ಬರುವುದು ನಿಂತಿತು. ಕೆಲಸದವರೇ ಇಲ್ಲದ ಮನೆಗೆ ಯಾರು ಕಳಿಸುತ್ತಾರೆ? ಹುಲಿಗೆಮ್ಮ ನನ್ನನ್ನು ಮೂಲೆಯ ರಿಪೇರಿ ಅಂಗಡಿಗೆ ಮಾರಿದಳು. ಅಲ್ಲಿ ನನ್ನ ಗಾಜು, ಬ್ಯಾಟರಿ, ಸ್ಪೀಕರ್ ಯಾರ್ಯಾರಿಗೋ ಹೋದವು. ಉಳಿದ ನಾನು ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ರಸ್ತೆಗೆ ಮುಖ ಮಾಡಿ ಬಿದ್ದಿದ್ದೇನೆ. ಕ್ಯಾಮೆರಾ ಹಳೆಯ ಮಾದರಿಯದು, ಯಾರಿಗೂ ಬೇಕಾಗಿಲ್ಲ, ಹಾಗಾಗಿ ನನ್ನ ಕಣ್ಣು ಉಳಿದಿದೆ.

ತೇಜಸ್ ಇಷ್ಟು ಹೊತ್ತಿಗೆ ಬೇರೆ ಹೆಸರಿನ ಆಟ ನಡೆಸುತ್ತಿರಬಹುದು. ಪ್ರಣೀತನಿಗೂ ಹೊಸ ಆಪರೇಟರ್ ಸಿಕ್ಕಿದ್ದಾರೆ. ಅವರಿಬ್ಬರೂ ಒಬ್ಬರಿಗೊಬ್ಬರು ಮೋಸ ಮಾಡಿಕೊಂಡರು, ಆದರೆ ಯಾರೂ ನಿದ್ದೆಗೆಟ್ಟಂತೆ ಕಾಣಲಿಲ್ಲ. ಅವರು ನಂಬಿಕೆ ಎಂದು ಕರೆಯುತ್ತಿದ್ದುದು ನಂಬಿಕೆಯೇ ಆಗಿರಲಿಲ್ಲವೇನೋ. ಅದು ನಿಜವಾಗಿ ಇದ್ದದ್ದು ಆ ಪಡಸಾಲೆಯಲ್ಲಿ. ಅವರು ಬಂದದ್ದೂ ಅದಕ್ಕೇ.

ಬೆಳಿಗ್ಗೆ ಒಂಬತ್ತಕ್ಕೆ ಊಟದ ಡಬ್ಬಿ ಹಿಡಿದು ಹುಲಿಗೆಮ್ಮ ಈ ದಾರಿಯಲ್ಲಿ ಹೋಗುತ್ತಾಳೆ. ಈಗ ಅವಳೂ ದೊಡ್ಡ ಜೀನ್ಸ್ ಕಾರ್ಖಾನೆಯಲ್ಲಿ ಕೂಲಿ. ಶಂಷಾದ್ ಹೋಗುವುದೂ ಅಲ್ಲಿಗೇ, ಅದೇ ಹೊತ್ತಿಗೆ. ಒಬ್ಬಳು ರಸ್ತೆಯ ಈ ಬದಿಯಲ್ಲಿ ನಡೆಯುತ್ತಾಳೆ, ಇನ್ನೊಬ್ಬಳು ಆ ಬದಿಯಲ್ಲಿ.