ಕೋಟಿನ ಬೆನ್ನು

ಔಷಧಿ ಅಂಗಡಿಯವರು ಕಟಿಂಗ್ ಮೇಜಿನ ಮೇಲೆ ಫೋನಿಟ್ಟು, "ಹ್ಯಾಲೋವೀನ್‌ಗೆ ನಾನು ಇವಳಾಗಬೇಕು, ಹೊಲಿದು ಕೊಡ್ತೀರಾ?" ಎಂದಾಗ ನಾನು ಬಾವಲಿಯ ರೆಕ್ಕೆಗೆ ಹುಕ್ಕು ಹೊಲಿಯುತ್ತಿದ್ದೆ. ತಲೆಯೆತ್ತಿ ನೋಡಿದರೆ ಫೋನಿನ ಪರದೆಯ ಮೇಲೆ ತಂತಿ ಎಂಬ ಹುಡುಗಿ. ನಾನು ಬರೆದ ತಂತಿ.

ಅವಳನ್ನು ಬರೆದವಳು ನಾನು ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಕಾಲೇಜಿನಲ್ಲಿದ್ದಾಗ ಬೇರೆ ಹೆಸರಿಟ್ಟುಕೊಂಡು ಇಂಟರ್ನೆಟ್ಟಿನಲ್ಲಿ ಒಂದು ಕಾಮಿಕ್ಸ್ ಚಿತ್ರಕಥೆ ಬರೆದು ಹಾಕುತ್ತಿದ್ದೆ. ಎಲ್ಲರೂ ಬಿಟ್ಟುಹೋದ ಒಂದು ಬಾಹ್ಯಾಕಾಶ ನೌಕೆ. ಅದರ ಗೋಡೆಗಳೊಳಗೆ ತೆವಳುತ್ತ, ಕೆಟ್ಟ ತಂತಿಗಳನ್ನು ಸರಿಮಾಡುತ್ತ ಒಬ್ಬಳೇ ಉಳಿದ ಹುಡುಗಿ. ಉದ್ದನೆಯ ಬೂದು ಕೋಟು, ಮೈತುಂಬ ಜೇಬು, ಒಂದೇ ಕಡೆ ಎದ್ದು ನಿಂತ ಕಾಲರು. ಓದುಗರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರು "ಇದರಲ್ಲಿ ಏನೂ ನಡೆಯೋದೇ ಇಲ್ಲ" ಎಂದು ಬರೆದ ದಿನ, ತಂತಿಯನ್ನು ಒಂದು ಮುಚ್ಚಿದ ಬಾಗಿಲಿನ ಮುಂದೆ ನಿಲ್ಲಿಸಿ ಎದ್ದು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಹೇಳಿಕೊಳ್ಳುವ ಮಾತಂತೂ ದೂರ. ನಮ್ಮವರು ಕೆಟ್ಟವರಲ್ಲ, ಆದರೆ ನಗುವುದಕ್ಕೆ ಒಂದು ಎಳೆ ಸಿಕ್ಕರೆ ವರ್ಷಗಟ್ಟಲೆ ಅದನ್ನೇ ಜಗಿಯುತ್ತಾರೆ. ಅವರ ಬಾಯಿಗೆ ತಂತಿಯನ್ನು ಕೊಡಲು ನನಗೆ ಮನಸ್ಸಿರಲಿಲ್ಲ.

"ಯಾರಿದು?" ಎಂದರು ಚಿಕ್ಕಮ್ಮ. ಅಂಗಡಿ ಅವರದು, ವೇಷದ ಬಟ್ಟೆ ಹೊಲಿಯುತ್ತಾರೆ, ಬಾಡಿಗೆಗೂ ಕೊಡುತ್ತಾರೆ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಎಳೆದುಕೊಂಡು ಬಂದು ಸೂಜಿ ಕೊಟ್ಟವರು ಅವರೇ.

"ಒಂದು ಕಾಮಿಕ್ಸಿನವಳು. ನಿಮಗೆ ಗೊತ್ತಿರಲ್ಲ ಬಿಡಿ, ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಯವರು ಪಾರ್ಟಿ ಇಟ್ಕೊಂಡಿದ್ದಾರೆ. ಈ ಸಲ ಎಲ್ಲರೂ ಗೀಕ್ ಥರ ಬರಬೇಕಂತೆ."

"ಗೀಕ್ ಅಂದ್ರೆ?"

"ಒಂದೇ ವಿಷಯದ ಹುಚ್ಚು ಹಿಡಿಸ್ಕೊಂಡವರು," ಎಂದು ಒಳಕೋಣೆಯಿಂದ ಅಣ್ಣ ಕೂಗಿದ. ಚಿಕ್ಕಮ್ಮನ ಮಗ, ಫೋಮ್ ಕತ್ತರಿಸಿ ಕತ್ತಿ, ಗುರಾಣಿ ಮಾಡುವುದು ಅವನ ಪಾಲಿನ ಕೆಲಸ. "ನೀನು ಗುಂಡಿ ವಿಷಯದಲ್ಲಿ ಇದ್ದೀಯಲ್ಲಮ್ಮ, ಹಾಗೆ."

ಚಿಕ್ಕಮ್ಮ ಅವನನ್ನು ಕಿವಿಗೆ ಹಾಕಿಕೊಳ್ಳದೆ ಟೇಪು ತೆಗೆದರು. ನಾನು ಔಷಧಿ ಅಂಗಡಿಯವರನ್ನೇ ನೋಡುತ್ತಿದ್ದೆ. ನಮ್ಮ ಬೀದಿಯ ತಿರುವಿನ ಅಂಗಡಿ. ಕೊರಳಿಗೆ ದಾರ ಕಟ್ಟಿದ ಕನ್ನಡಕ, ಅಮ್ಮನಿಗಿಂತ ಹೆಚ್ಚು ನರೆತ ಕೂದಲು. ಅಜ್ಜಿಯ ಮಾತ್ರೆಗಳನ್ನು ವಿವರಿಸುವಾಗ ಕೂಡ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡದ ಹೆಂಗಸು. ಇಂಥವರು ನನ್ನ ಚಿತ್ರಕಥೆ ಓದುತ್ತಾರೆ ಎಂದರೆ ನಂಬುವುದು ಹೇಗೆ? ಯಾರೋ ಕಳಿಸಿದ್ದಾರೆ. ನನ್ನ ಮುಖ ನೋಡಲು ಕಳಿಸಿದ್ದಾರೆ.

"ಏನಮ್ಮ, ನೀನು ನೋಡಿದ್ದೀಯಾ ಇದನ್ನ?" ಎಂದು ಆಕೆ ನನ್ನ ಕಡೆ ತಿರುಗಿದರು.

"ಇಲ್ಲ," ಎಂದೆ. ಕೇಳುವ ಮೊದಲೇ ಹೇಳಿದಷ್ಟು ಬೇಗ ಹೇಳಿದೆ.

ಚಿಕ್ಕಮ್ಮ ಬರುವ ಗಿರಾಕಿಗಳನ್ನು ಎರಡು ಜಾತಿ ಮಾಡಿಟ್ಟಿದ್ದಾರೆ. "ಏನಾದ್ರೂ ಭಯ ಆಗೋ ಥರದ್ದು ಕೊಡಿ" ಎಂದರೆ ಹ್ಯಾಲೋವೀನ್. ಸಿದ್ಧ ಬಟ್ಟೆಯ ಸಾಲಿನಿಂದ ಒಂದು ಎಳೆದು ಕೊಟ್ಟರೆ ಮುಗಿಯಿತು. ಫೋನು ತೆಗೆದು "ಇಲ್ಲಿ ಹೊಲಿಗೆ ಒಂದು ಬೆರಳು ಕೆಳಗೆ ಬರಬೇಕು" ಎಂದರೆ ಕಾಸ್‌ಪ್ಲೇ, ಕಥೆಯ ಪಾತ್ರವನ್ನು ತದ್ರೂಪು ತೊಡುವವರು. ತಲೆನೋವಿನ ಮಾತ್ರೆ ಹತ್ತಿರ ಇಟ್ಟುಕೊಳ್ಳಬೇಕು. ಔಷಧಿ ಅಂಗಡಿಯವರು ಎರಡನೆಯ ಜಾತಿ ಎನ್ನುವುದು ಅಳತೆ ಮುಗಿಯುವುದರೊಳಗೆ ಗೊತ್ತಾಗಿತ್ತು.

ಅನುಮಾನ ನೇರವಾಗಿ ಅಣ್ಣನ ಮೇಲೆ ಹೋಯಿತು. ಒಮ್ಮೆ ತಂತಿಯ ಚಿತ್ರಗಳೆಲ್ಲ ಇದ್ದ ನನ್ನ ಲ್ಯಾಪ್‌ಟಾಪ್ ಕೇಳಿ ತೆಗೆದುಕೊಂಡವನು ವಾರವಾದರೂ ಕೊಟ್ಟಿರಲಿಲ್ಲ. ಆಕೆ ಹೋದಮೇಲೆ ಒಳಕೋಣೆಯ ಬಾಗಿಲಲ್ಲಿ ನಿಂತೆ.

"ಔಷಧಿ ಅಂಗಡಿಯವರು ನಿನಗೆ ಪರಿಚಯವಾ?"

"ಕೆಮ್ಮು ಬಂದಾಗ ಪರಿಚಯ. ಯಾಕೆ?"

"ಸುಮ್ನೆ ಕೇಳಿದೆ."

"ನೀನು ಸುಮ್ನೆ ಕೇಳೋ ಪೈಕಿನಾ? ವರ್ಷಕ್ಕೆ ಎರಡು ಪ್ರಶ್ನೆ ಕೇಳೋಳು, ಅದರಲ್ಲೊಂದನ್ನ ಕೆಮ್ಮಿನ ಮೇಲೆ ಕಳೀತೀಯಾ?"

"ಅವರು ಮಾಡಿಸ್ತಿರೋ ವೇಷ ನೋಡಿದ್ಯಾ?"

"ನೋಡ್ದೆ. ಅದು ಕಾಸ್‌ಪ್ಲೇನೇ ಅಲ್ಲ. ಬಾಗಿಲಲ್ಲಿ ಕಾಲಿಟ್ಟ ತಕ್ಷಣ ನಾಲ್ಕು ಜನ 'ಓ, ಇವಳು' ಅನ್ನಬೇಕು. ಯಾರಿಗೂ ಗುರುತು ಸಿಗದಿದ್ರೆ ಅದು ಬರೀ ದೊಗಳೆ ಕೋಟು."

ತಲೆಯೆತ್ತದೆ ಹೇಳಿದ. ಏನೂ ಗೊತ್ತಿಲ್ಲದವನು ಹಾಗೆ ತಲೆ ತಗ್ಗಿಸುತ್ತಾನೆಯೆ? ಅಥವಾ ಕೈಯಲ್ಲಿ ಹರಿತವಾದ ಚಾಕು ಇದ್ದದ್ದಕ್ಕೆ ಇರಬಹುದೆ? ಆ ಸಂಜೆ ಡೈರಿಯಲ್ಲಿ ಎರಡನ್ನೂ ಬರೆದೆ, ಎರಡನ್ನೂ ನಂಬಲಿಲ್ಲ.

ಕಚ್ಚಾ ಹೊಲಿಗೆಯ ಟ್ರಯಲ್‌ಗೆ ಬೇಕೆಂದೇ ಒಂದು ಬಲೆ ಇಟ್ಟೆ. ಕಾಲರು ಎರಡೂ ಕಡೆ ಎದ್ದು ನಿಲ್ಲುವಂತೆ ಮಾಡಿದೆ. ಎರಡೂ ಪಕ್ಕದ ಜೇಬಿಗೆ ಎಂದಿನಂತೆ ಬಾಯಿ ಬಿಟ್ಟೆ. ಯಾರೋ ಕಳಿಸಿದವರಾದರೆ ಕನ್ನಡಿ ನೋಡಿ "ಚೆನ್ನಾಗಿದೆ" ಎನ್ನುತ್ತಾರೆ, ಅಷ್ಟೆ.

ಆಕೆ ಕನ್ನಡಿ ನೋಡುವ ಮೊದಲೇ ಕತ್ತು ತಡವಿಕೊಂಡರು. "ಕಾಲರು ಬಲಗಡೆ ಮಾತ್ರ ಏಳಬೇಕು. ಗಾಳಿ ಬರೋ ಕಿಂಡಿ ಅವಳ ಬಲಕ್ಕಿದೆ. ಎಡಗಡೆ ಜೇಬಿನ ಬಾಯಿ ಹೊಲಿದುಬಿಡಿ."

"ಫೋಟೋದಲ್ಲಿ ಹೊಲಿದ ಹಾಗೆ ಕಾಣಲ್ಲವಲ್ಲ," ಎಂದರು ಚಿಕ್ಕಮ್ಮ.

"ಕಾಣಲ್ಲ. ಆದ್ರೆ ಅವಳು ಎಡಗೈನ ಯಾವತ್ತೂ ಜೇಬಿಗೆ ಹಾಕಲ್ಲ. ಎಷ್ಟೇ ಚಳಿಯಾದ್ರೂ ಬಾಯಿ ಹತ್ತಿರ ಹಿಡಿದು ಊದ್ಕೋತಾಳೆ. ಅಂದ್ರೆ ಜೇಬಿಗೆ ಬಾಯಿಲ್ಲ ಅಂತ ತಾನೆ?"

ನಿಜ ಏನೆಂದರೆ, ಜೇಬಿನೊಳಗೆ ಹೋದ ಎಡಗೈಯನ್ನು ಬರೆಯಲು ನನಗೆ ಬರುತ್ತಿರಲಿಲ್ಲ. ಆಕೆ ಕಂಡುಕೊಂಡ ಕಾರಣ ನನ್ನದಕ್ಕಿಂತ ಎಷ್ಟೋ ಮೇಲಾಗಿತ್ತು. ಇದು ಹೊಗಳಿಕೆಯೋ, ಕೈ ಬರೆಯಲು ಬಾರದವಳ ಮುಂದೆ ಆಡಿದ ಚುಚ್ಚುಮಾತೋ?

ಗುಂಡುಪಿನ್ನು ಸಿಕ್ಕಿಸುವ ನೆಪದಲ್ಲಿ ಕೆಳಗೆ ಕೂತು ಕೇಳಿದೆ: "ಪಾರ್ಟಿಲಿ ಯಾರಿಗೂ ಗೊತ್ತಾಗಲ್ವಲ್ಲ ಮೇಡಂ. ಗುರುತು ಸಿಗದಿದ್ರೆ ಕಾಸ್‌ಪ್ಲೇ ಅಲ್ಲ ಅಂತಾನೆ ಅಣ್ಣ."

"ನಿಮ್ಮಣ್ಣನಿಗೆ ಹೇಳು, ದಿನವಿಡೀ ಬಿಳಿ ಕೋಟು ಹಾಕ್ಕೊಂಡು ನಿಂತಿರ್ತೀನಿ. ಬಂದವರಿಗೆಲ್ಲ ಗುರುತು ಸಿಗುತ್ತೆ. ಅದು ವೇಷ. ಇದರೊಳಗೆ ಯಾರಿದ್ದಾಳೆ ಅಂತ ನನಗೆ ಗೊತ್ತಿದ್ರೆ ಸಾಕು." ಕನ್ನಡಿಯ ಕಡೆ ನೋಡುತ್ತ, "ಬರೆದವರು ಮಾತ್ರ ಅರ್ಧಕ್ಕೆ ಬಿಟ್ಟು ಓಡಿಹೋದ್ರು. ಎಲ್ಲಿದ್ದಾರೋ ಏನೋ," ಎಂದರು.

ಕನ್ನಡಿಯಲ್ಲಿ ನಾನೂ ಇದ್ದೆ. ಆಕೆ ನೋಡಿದ್ದು ತಮ್ಮನ್ನೋ, ನನ್ನನ್ನೋ?

ಹಬ್ಬದ ಹತ್ತಿರದ ದಿನಗಳಲ್ಲಿ ನಮ್ಮಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೇಜಿನ ಕೆಳಗೆ ಅಸ್ಥಿಪಂಜರಗಳು, ಕುರ್ಚಿಯ ಮೇಲೆ ಮಾಟಗಾತಿಯರ ಟೋಪಿ. ಚಿಕ್ಕಮ್ಮ ಕೋಟನ್ನು ನನ್ನ ಮಡಿಲಿಗೆ ಹಾಕಿ, "ಇದೊಂದನ್ನ ಮುಗಿಸಿಬಿಡು ಪುಟ್ಟಿ, ನನ್ನನ್ನ ಏನೂ ಕೇಳಬೇಡ," ಎಂದರು. ಮುಗಿಸಿದೆ. ಕಾಲರು ತಿದ್ದಿದೆ, ಎಡ ಜೇಬಿನ ಬಾಯಿ ಮುಚ್ಚಿದೆ, ಚಿಂದಿಯ ಡಬ್ಬಿಯಿಂದ ಮಾಸಿದ ನೀಲಿ ಬಟ್ಟೆ ಆರಿಸಿ ಬೆನ್ನಿನ ತೇಪೆಯನ್ನು ದಪ್ಪ ದಾರದಲ್ಲಿ ಓರೆಯಾಗಿ ಹಾಕಿದೆ, ಅಂಚಿಗೆ ಇಸ್ತ್ರಿ ಮಾಡಿದೆ. ಕೈ ತನ್ನ ಪಾಡಿಗೆ ಹೊಲಿಯುತ್ತಿತ್ತು. ತಲೆಯ ತುಂಬ ಅಣ್ಣ ಮತ್ತು ಆಕೆ. ಕೊನೆಯ ಟ್ರಯಲ್ ದಿನ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಅವರ ಕಣ್ಣುಗಳನ್ನೇ ನೋಡಬೇಕು ಎಂದುಕೊಂಡಿದ್ದೆ.

ಆ ದಿನ ಬಂತು. "ಅಣ್ಣ, ಕನ್ನಡಿ ಹಿಡ್ಕೋ ಬಾ," ಎಂದು ಕರೆದು ಕೈಕನ್ನಡಿಯನ್ನು ಅವನ ಕೈಗಿತ್ತೆ. ಆಕೆ ಕೋಟು ಹಾಕಿಕೊಂಡು, ಮುಂದೆ ನೋಡಿ ತಲೆದೂಗಿ, ನಿಧಾನವಾಗಿ ಹಿಂದಕ್ಕೆ ತಿರುಗಿದರು. ಅಣ್ಣನ ಕೈಕನ್ನಡಿಯಲ್ಲಿ ಬೆನ್ನು ನೋಡಿಕೊಂಡರು.

"ಇದೇನಿದು ಬೆನ್ನ ಮೇಲೆ?"

"ತೇಪೆ," ಎಂದರು ಚಿಕ್ಕಮ್ಮ. "ಫೋಟೋದಲ್ಲಿದ್ದ ಹಾಗೇ."

"ಫೋಟೋದಲ್ಲಿ ಬೆನ್ನೇ ಇಲ್ಲ. ಇಡೀ ಕಥೇಲಿ ಅವಳು ಒಂದು ಸಲನೂ ಬೆನ್ನು ತಿರುಗಿಸಿಲ್ಲ."

ಆಕೆ ಹೇಳಿದ್ದು ನಿಜ. ಬಾಗಿಲು ತೆರೆಯಲು ತಂತಿ ನಮಗೆ ಬೆನ್ನು ಮಾಡಬೇಕು, ಆಗಲೇ ಮೊದಲ ಸಲ ಆ ನೀಲಿ ಕಾಣಬೇಕು ಎಂದು ಉಳಿಸಿಟ್ಟಿದ್ದೆ. ಆ ಪುಟ ಬರೆಯುವ ಮೊದಲೇ ಬಿಟ್ಟಿದ್ದೆ. ನನ್ನ ಮಟ್ಟಿಗೆ ತೇಪೆ ಮೊದಲ ದಿನದಿಂದಲೂ ಅಲ್ಲಿತ್ತು. ಬೇರೆಯವರು ಅದನ್ನು ನೋಡಿಲ್ಲವೆನ್ನುವುದೇ ಮರೆತುಹೋಗಿತ್ತು.

"ನೀನು ಇದನ್ನ ನೋಡಿಲ್ಲ ಅಂದಿದ್ದೆ." ಆಕೆ ಕನ್ನಡಕ ಏರಿಸಿಕೊಂಡರು. ಅನುಮಾನ ಬಂದ ಔಷಧಿ ಚೀಟಿಯನ್ನು ಬೆಳಕಿಗೆ ಹಿಡಿದು ನೋಡುವ ಮುಖ ಅದು. "ಈ ನೀಲಿ ಎಲ್ಲಿಂದ ಬಂತು? ಮುಂದಿನ ಪುಟಗಳು ಬೇರೆಲ್ಲಾದ್ರೂ ಬಂದಿದ್ಯಾ? ಯಾರಾದ್ರೂ ಕದ್ದು ಮುಂದುವರಿಸ್ತಿದ್ದಾರಾ?"

"ಅಯ್ಯೋ, ಕದಿಯೋದೇನು ಬಂತು ಮೇಡಂ," ಎಂದು ಚಿಕ್ಕಮ್ಮ ನಡುವೆ ಬಂದರು. "ಬಡ ಕೋಟು ಅಂತ ಅಂದಾಜಿಗೆ ಒಂದು ತುಂಡು ಹಾಕಿದ್ದಾಳೆ. ತಿರುಗಿ, ಈಗಲೇ ಬಿಚ್ಚಿಬಿಡ್ತೀನಿ."

ಸಣ್ಣ ಕತ್ತರಿಯ ತುದಿ ಮೊದಲ ಹೊಲಿಗೆಯ ಅಡಿಗೆ ಹೋಯಿತು. ನಾನು ಸುಮ್ಮನಿದ್ದರೆ ಸಾಕಿತ್ತು. ತೇಪೆ ಚಿಂದಿಯ ಡಬ್ಬಿಗೆ ಬೀಳುತ್ತಿತ್ತು, ಗಿರಾಕಿ ಮನೆಗೆ ಹೋಗುತ್ತಿದ್ದರು, ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ದಾರ ಕಟ್ಟಾದ ಸದ್ದು ಕೇಳಿತು.

"ಬಿಚ್ಚಬೇಡಿ ಚಿಕ್ಕಮ್ಮ."

"ಯಾಕೇ?"

"ಅದು ಅವಳ ಅಕ್ಕನ ಕೋಟಿನ ಬಟ್ಟೆ. ಅಕ್ಕ ಎಲ್ಲರ ಜೊತೆ ನೌಕೆ ಬಿಟ್ಟು ಹೋದ್ಲು. ಅವಳು ವಾಪಸ್ ಬರೋವರೆಗೆ ನೌಕೆ ಕೆಡದಿರಲಿ ಅಂತ ಇವಳು ಉಳಿದದ್ದು."

"ಎಲ್ಲಿ ಬರುತ್ತೆ ಅದು?" ಎಂದರು ಔಷಧಿ ಅಂಗಡಿಯವರು.

"ಎಲ್ಲೂ ಬಂದಿಲ್ಲ."

"ಎಲ್ಲೂ ಬರದೇ ಇರೋದು ನಿನಗೆ ಹೇಗೆ ಗೊತ್ತು?"

ಅಣ್ಣನ ಕಡೆ ನೋಡಿದೆ. ಕೈಕನ್ನಡಿಯನ್ನು ಸೂರಿಗೆ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದ. ಅಷ್ಟು ಪೆದ್ದು ಮುಖವನ್ನು ನಟಿಸುವುದು ಅವನ ಕೈಲಾಗದ ಕೆಲಸ. ಯಾರೂ ಯಾರನ್ನೂ ಕಳಿಸಿರಲಿಲ್ಲ.

"ನಾನೇ ಬರೆದಿದ್ದು," ಎಂದೆ.

ಯಾರೂ ನಗಲಿಲ್ಲ. ನಂಬಲೂ ಇಲ್ಲ. ಔಷಧಿ ಅಂಗಡಿಯವರು ಮೇಜಿನ ಮೇಲಿದ್ದ ಚಾಕ್ ಎತ್ತಿ, ಮಾಟಗಾತಿಯ ನಿಲುವಂಗಿಗೆಂದು ಹಾಸಿದ್ದ ಕಪ್ಪು ಬಟ್ಟೆಯ ಮೇಲೆ ಇಟ್ಟರು. "ಬರಿ ಹಾಗಾದ್ರೆ. ಹಿಂದಿನಿಂದ."

"ಅಷ್ಟೂ ಒಳ್ಳೆ ಬಟ್ಟೆ ಅದು," ಎಂದರು ಚಿಕ್ಕಮ್ಮ, ಆದರೆ ತಡೆಯಲಿಲ್ಲ.

ಹಿಂದಿನಿಂದ ನಾನೂ ಅವಳನ್ನು ಬರೆದವಳಲ್ಲ. ಕತ್ತಿನಿಂದ ಶುರು ಮಾಡಿದೆ. ಎದ್ದ ಕಾಲರು, ಅದರ ಕೆಳಗೆ ಹೆಗಲ ಗೆರೆ. ಮೂವರ ಉಸಿರೂ ನನ್ನ ತಲೆಯ ಮೇಲಿತ್ತು.

"ಹೆಗಲು ಓರೆ ಆಯ್ತು," ಎಂದ ಅಣ್ಣ.

"ಓರೆ ಅಲ್ಲ, ಅವಳು ತಿರುಗ್ತಿದ್ದಾಳೆ," ಎಂದರು ಔಷಧಿ ಅಂಗಡಿಯವರು. "ನೀನು ಸ್ವಲ್ಪ ಆ ಕಡೆ ಸರಿ, ಇವರಿಗೆ ಬೆಳಕು ಬರಲಿ."