ಗೋಡೆಯಿಂದ ಬಿದ್ದ ಹಳದಿ

ಅಪ್ಪ ಮಾತ್ರೆಗಳಿಗೂ ತನ್ನ ಬಣ್ಣ ಹೊಡೆಯುವ ಕಸುಬಿನ ಹೆಸರುಗಳನ್ನೇ ಇಟ್ಟಿದ್ದ. ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುವ ಜ್ವರದ ಬಿಳಿ ಮಾತ್ರೆ ಪ್ರೈಮರ್. ಏಣಿಯಿಂದ ಜಾರಿ ಸೊಂಟಕ್ಕೆ ಪೆಟ್ಟಾದಾಗ ಡಾಕ್ಟರು ಐದೇ ದಿನಕ್ಕೆಂದು ಬರೆದುಕೊಟ್ಟ ಜೋರು ನೋವಿನ ಮಾತ್ರೆ ಫಿನಿಶಿಂಗ್ ಕೋಟು. ಮೊದಲು ಬಿಳಿಯದೊಂದು ನುಂಗಿ, ಅದು 'ಒಣಗಲಿ' ಎಂದು ಅರ್ಧ ಗಂಟೆ ಬಿಟ್ಟು, ಆಮೇಲೆ ಜೋರಿನದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. "ಪ್ರೈಮರ್ ಇಲ್ದೆ ಯಾವ ಬಣ್ಣಾನೂ ಹಿಡಿಯಲ್ಲ ಕಣೇ," ಎಂದು ಮಗಳಿಗೆ ಪಾಠ ಬೇರೆ. ಐದು ದಿನ ಹೋಗಿ ತಿಂಗಳಾಗುತ್ತ ಬಂದಿತ್ತು. ಮಡಿಚಿ ಮಡಿಚಿ ಹರಿಯತೊಡಗಿದ ಡಾಕ್ಟರ ಅದೇ ಚೀಟಿ ಹಿಡಿದು, ಸಲಕ್ಕೊಂದು ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತುತ್ತಿದ್ದ.

ಮಗಳು ಅವನ ಜೊತೆಗೇ ಕೆಲಸಕ್ಕೆ ಹೋಗುವವಳು. ಗೋಡೆಗೆ ಮೆತ್ತಿದ ಪುಟ್ಟಿ ಉಜ್ಜಿ ನಯ ಮಾಡುವುದು, ಕಿಟಕಿಯ ಅಂಚಿಗೆ ಟೇಪು ಅಂಟಿಸುವುದು, ಸಂಜೆ ನೆಲ ಗುಡಿಸುವುದು ಅವಳ ಪಾಲಿನದು. ದಿನವಿಡೀ ಹತ್ತು ಮಾತಾಡಿದರೆ ಹೆಚ್ಚು. "ಇವಳ ಬಾಯಿಗೂ ಟೇಪು ಹಾಕಿದ್ದೀಯೇನಣ್ಣಾ?" ಎಂದು ಚಿಕ್ಕಪ್ಪ ರೇಗಿಸುತ್ತಿದ್ದ. ಬಣ್ಣದ ಕೆಲಸಕ್ಕೆ ಇದ್ದವರು ಈ ಮೂವರೇ.

ಆ ವಾರ ಹೊಸ ಮನೆಯೊಂದರ ಹಾಲ್‌ಗೆ ಹಳದಿ ಹೊಡೆಯುತ್ತಿದ್ದರು. ಅಪ್ಪ ಊಟದ ಡಬ್ಬಿ ತೆರೆದವನು ಹಾಗೇ ಮುಚ್ಚಿಟ್ಟ. ಬಣ್ಣದ ವಾಸನೆಗೆ ಹೊಟ್ಟೆ ತೊಳೆಸುತ್ತಿದೆ ಎಂದ. ತೋಳು ಪರಪರ ಕೆರೆದುಕೊಂಡು, ಪುಟ್ಟಿ ಧೂಳಿನ ತುರಿಕೆ ಎಂದ. ಏನು ಕೇಳಿದರೂ ಕೆಲಸದೊಳಗೇ ಒಂದು ಉತ್ತರ ಸಿದ್ಧವಿರುತ್ತಿತ್ತು. ಗೋಡೆ ಸೂರನ್ನು ಮುಟ್ಟುವಲ್ಲಿ ಟೇಪಿನ ಹಂಗಿಲ್ಲದೆ ನೇರ ಗೆರೆ ಎಳೆಯುತ್ತಿದ್ದ ಕೈ ಅಂದು ಎರಡು ಕಡೆ ದಾರಿ ತಪ್ಪಿತು. ಚಿಕ್ಕಪ್ಪ ತಮಾಷೆ ಮಾಡಲಿಲ್ಲ. ಸದ್ದಿಲ್ಲದೆ ಏಣಿ ಹತ್ತಿ ಸರಿಮಾಡಿದ. ಅದನ್ನು ನೋಡಿ ಅವಳು ಕೈಯಲ್ಲಿದ್ದ ಟೇಪು ಬಿಟ್ಟು ಅಪ್ಪನ ಹತ್ತಿರ ಬಂದಳು.

ಕೆಳಗೆ ನಿಂತಿದ್ದ ಅಪ್ಪ ಇತ್ತ ತಿರುಗಿದಾಗ ಅವಳಿಗೆ ಅವನ ಕಣ್ಣು ಕಂಡವು.

"ಅಪ್ಪಾ, ನಿನ್ನ ಕಣ್ಣು ಹಳದಿ ಆಗಿದೆ."

"ಗೋಡೆ ಬಣ್ಣ ಮುಖಕ್ಕೆ ಹೊಡೀತಿದೆ. ಇಷ್ಟು ದಿನ ಇದ್ದು ಇಷ್ಟೂ ಗೊತ್ತಾಗ್ಲಿಲ್ವಾ?"

ಅದು ಸುಳ್ಳೇನೂ ಆಗಿರಲಿಲ್ಲ. ಹಸಿರು ಕೋಣೆಯಲ್ಲಿ ಎಲ್ಲರೂ ಹಸಿರಾಗುವುದನ್ನು ಅವಳೇ ಕಂಡಿದ್ದಳು. ತನ್ನ ಅಂಗೈ ನೋಡಿಕೊಂಡಳು. ಅಲ್ಲೂ ಹಳದಿ ಛಾಯೆ. ಚಿಕ್ಕಪ್ಪನ ಕೆನ್ನೆಯಲ್ಲೂ ಇತ್ತು. ಕಿಟಕಿಯತ್ತ ತಿರುಗಿ ಮತ್ತೆ ಟೇಪು ಅಂಟಿಸತೊಡಗಿದಳು. ಮನೆಗೆ ಹೋದರೆ ಅಪ್ಪ ಚಪ್ಪಲಿ ಬಿಟ್ಟಲ್ಲೇ ನಿದ್ದೆಗೆ ಜಾರಿರುತ್ತಿದ್ದ. ಮುಚ್ಚಿದ ರೆಪ್ಪೆ ಎತ್ತಿ ನೋಡುವವರಾರು?

ಮೂರನೆಯ ದಿನ ಹಾಲ್ ಮುಗಿದು ಹಿಂದಿನ ಕೋಣೆಗೆ ಬಂದರು. ನಾಲ್ಕು ಗೋಡೆಗೂ ಬರೀ ಬಿಳಿ ಪ್ರೈಮರ್, ಪರದೆಯಿಲ್ಲದ ಕಿಟಕಿ, ಒಳಗೆಲ್ಲ ನಡುಹಗಲಿನ ಬೆಳಕು. ಮುಖದ ಮೇಲೆ ಬೀಳಲು ಅಲ್ಲಿ ಯಾವ ಬಣ್ಣವೂ ಇರಲಿಲ್ಲ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತ ಅಪ್ಪ ನೀರಿಗಾಗಿ ತಲೆಯೆತ್ತಿದ. ಕಣ್ಣಿನ ಬಿಳಿಯೆಂಬುದೇ ಉಳಿದಿರಲಿಲ್ಲ. ಕತ್ತಿನ ಚರ್ಮವೂ ಹಾಗೇ. ಪಕ್ಕದಲ್ಲಿ ನಿಂತ ಚಿಕ್ಕಪ್ಪನ ಕಣ್ಣು ಬೆಳ್ಳಗಿದ್ದವು.

ಚಿಕ್ಕಪ್ಪನಿಗೂ ಕಂಡಿತು. "ಏಳಣ್ಣಾ," ಎಂದ, ಅಷ್ಟೇ.

ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಟರು ಆ ಹಳೆಯ ಚೀಟಿ ಓದಿ, ಅಪ್ಪನ ಬಲಪಕ್ಕೆಯ ಕೆಳಗೆ ಒತ್ತಿ ನೋವಿದೆಯೇ ಎಂದು ಕೇಳಿದರು. ಅಷ್ಟೇನಿಲ್ಲ ಎಂದ ಅಪ್ಪ. ನೋವು ಗೊತ್ತಾಗದ ಹಾಗೆ ಮಾಡುವುದೇ ಆ ಮಾತ್ರೆಯ ಕೆಲಸ ಎಂದರು ಅವರು, ನಗದೆ. ದಿನಕ್ಕೆಷ್ಟು ನುಂಗುತ್ತೀರಿ ಎಂದರೆ, ಎರಡು ಎಂದ. ಹೇಳಿ ಮಗಳ ಕಡೆ ನೋಡಿದ. ನಿಜ ಹೊರಬಿದ್ದರೆ ಮಾತ್ರೆ ನಿಲ್ಲುತ್ತದೆ, ಮಾತ್ರೆ ನಿಂತರೆ ಏಣಿ ಹತ್ತುವಂತಿಲ್ಲ. ಸುಮ್ಮನಿರು ಎಂದು ಬೇಡುವ ನೋಟ ಅದು. ಸಂಜೆ ಕಸದೊಂದಿಗೆ ಮಾತ್ರೆಯ ಖಾಲಿ ಪಟ್ಟಿಗಳನ್ನು ಗುಡಿಸುತ್ತಿದ್ದವಳು ಅವಳೇ. ಕುರ್ಚಿಯ ಕೈ ಹಿಡಿದುಕೊಂಡಳು.

"ಎರಡಲ್ಲ ಡಾಕ್ಟ್ರೇ. ಜೋರಿನದು ಎಂಟು. ಪ್ರತಿಯೊಂದಕ್ಕೂ ಮುಂಚೆ ಒಂದು ಜ್ವರದ ಮಾತ್ರೆ, ಅದೂ ಎಂಟು."

ಡಾಕ್ಟರ ಪೆನ್ನು ನಿಂತಿತು.

"ಆ ಜೋರು ಮಾತ್ರೆ ಒಳಗೇ ಜ್ವರದ ಔಷಧೀನೂ ಬೆರೆಸಿರ್ತಾರಮ್ಮ. ಎರಡೂ ಸೇರಿ ಮಿತಿ ಮೀರಿದೆ. ಲಿವರ್ ಕೈಕೊಡ್ತಿದೆ."

ಚಿಕ್ಕಪ್ಪ ಗೋಡೆಗೊರಗಿದ. ಅಪ್ಪ ಮಾತ್ರ ಬೇರೆ ಯಾರ ಸುದ್ದಿಯನ್ನೋ ಕೇಳುವವನಂತೆ ಕೂತಿದ್ದ. ಇವತ್ತು ಯಾವ ವಾರ ಎಂದು ಡಾಕ್ಟರು ಕೇಳಿದರೆ, ಯೋಚಿಸಿ ಯೋಚಿಸಿ, ನಿನ್ನೆಯ ವಾರದ ಹೆಸರು ಹೇಳಿದ. ಎರಡೂ ಕೈ ಮುಂದೆ ಚಾಚಿ, ಎದುರಿನವರನ್ನು ತಡೆಯುವ ಹಾಗೆ ಅಂಗೈ ಮೇಲಕ್ಕೆ ಮಡಿಸಿ ಹಿಡಿಯಲು ಹೇಳಿದರು. ಚಾಚಿದ. ಅಂಗೈಗಳು ಹಿಡಿತ ತಪ್ಪಿ ಕೆಳಗೆ ಬಿದ್ದು, ಮತ್ತೆ ಎದ್ದು, ಮತ್ತೆ ಬಿದ್ದವು.

"ಕಣ್ಣು ಹಳದಿಯಾಗಿದ್ದನ್ನ ಮೊದಲು ಯಾವಾಗ ನೋಡಿದ್ದು?" ಡಾಕ್ಟರು ಕೇಳಿದ್ದು ಮಗಳನ್ನು.

"ಮೊನ್ನೆ."

ಅವರು ಅದನ್ನು ಬರೆದುಕೊಳ್ಳಲಿಲ್ಲ. ಫೋನೆತ್ತಿ, ಅವಳಿಗೆ ಬೆನ್ನು ಮಾಡಿ, ವಿಷ ಮೆದುಳಿಗೂ ಏರಿದೆ, ದೊಡ್ಡ ಆಸ್ಪತ್ರೆಗೆ ಸಾಗಿಸಲು ಈಗಿಂದೀಗಲೇ ಆಂಬುಲೆನ್ಸ್ ಬೇಕೆಂದು ತಗ್ಗಿದ ದನಿಯಲ್ಲಿ ಹೇಳತೊಡಗಿದರು. ಕೈ ಇಳಿಸು ಎಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಅವನು ಚಾಚಿಕೊಂಡೇ ಕೂತಿದ್ದ.