ಸಮೂಹಗಾನದ ಗುಟ್ಟು

ಹೈಸ್ಕೂಲಿನ ಸಂಗೀತದ ಮೇಡಂಗೆ ಅಪಸ್ವರ ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಹಾಗಂತ ಮಕ್ಕಳ ಮನಸ್ಸು ನೋಯಿಸುವ ಜಾಯಮಾನ ಅವರದಲ್ಲ. ವಾರ್ಷಿಕೋತ್ಸವದ ಸಮೂಹಗಾನಕ್ಕೆ ತಾಲೀಮು ನಡೆದಷ್ಟು ದಿನವೂ ಶ್ರುತಿ ತಪ್ಪಿದವರನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು, "ನೀನು ಬರೀ ತುಟಿ ಆಡಿಸು ಪುಟ್ಟಾ, ಯಾರಿಗೂ ಹೇಳಲ್ಲ" ಎಂದು ಕಿವಿಯಲ್ಲಿ ಉಸುರುತ್ತಿದ್ದರು. ಹಾಡು ದಿನದಿಂದ ದಿನಕ್ಕೆ ಮೆತ್ತಗಾಯಿತು. ಮಕ್ಕಳು ಹದಕ್ಕೆ ಬಂದರೆಂದು ಮೇಡಂ ಹಿಗ್ಗಿದರು. ಕಾರ್ಯಕ್ರಮದ ದಿನ ಬೆಳಿಗ್ಗೆ ಇನ್ನೂ ಮೂವರಿಗೆ ಅದೇ ಮಾತು ಹೇಳಿದರು.

ವೇದಿಕೆಯ ಮೇಲೆ ಮೇಡಂ ಕೈ ಎತ್ತಿದರು. ಇಪ್ಪತ್ತನಾಲ್ಕು ಬಾಯಿಗಳು ಅಚ್ಚುಕಟ್ಟಾಗಿ ತೆರೆದವು, ಮುಚ್ಚಿದವು. ಸದ್ದೇ ಇಲ್ಲ! ಮೈಕ್ ಕೆಟ್ಟಿದೆಯೆಂದು ಯಾರೋ ಓಡಿಬಂದು ವೈರ್ ಅಲುಗಾಡಿಸಿದರು. ಮೇಡಂಗೆ ತಲೆಬುಡ ಅರ್ಥವಾಗಲಿಲ್ಲ. ಯಾರಿಗೆ ಹೇಳಿದ್ದೆ, ಯಾರನ್ನು ಬಿಟ್ಟಿದ್ದೆ? ಒಂದೊಂದೇ ಮುಖ ನೋಡಿ ಬೆರಳು ಮಡಿಚುತ್ತ ಹೋದರು; ಬಿಟ್ಟವರು ಒಬ್ಬರೂ ಸಿಗಲಿಲ್ಲ. ದಿಕ್ಕು ತೋಚದೆ ತಾವೇ ಹಾಡತೊಡಗಿದರು. ಗಾಬರಿಗೆ ಸ್ವರ ಎತ್ತೆತ್ತಲೋ ಹೋಯಿತು.

ಮುಂದಿನ ಸಾಲಿನ ಹುಡುಗಿ ಬಗ್ಗಿ, ತುಂಬ ಅಕ್ಕರೆಯಿಂದ ಪಿಸುಗುಟ್ಟಿದಳು:

"ಮೇಡಂ, ನೀವೂ ಬರೀ ತುಟಿ ಆಡಿಸಿ. ಯಾರಿಗೂ ಹೇಳಲ್ಲ."